ಒಂದೂವರೆ ಮೀಟರು

ನನ್ನ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತದೆ. ಅದೂ ಪೂರ್ತಿ ಸವೆಯುವುದಿಲ್ಲ, ಹೊರಗಿನ ಅಂಚು ಮಾತ್ರ. ಪುಣೆಯ ಸದಾಶಿವ ಪೇಠದಲ್ಲಿ ನನ್ನ ಚಪ್ಪಲಿ ಹೊಲಿದುಕೊಡುತ್ತಿದ್ದ ಮುದುಕ ಒಮ್ಮೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬಾಯೀ, ನಿಮ್ಮ ಸೊಂಟದಲ್ಲಿ ಏನೋ ದೋಷವಿದೆ, ಡಾಕ್ಟರಿಗೆ ತೋರಿಸಿ ಎಂದಿದ್ದ. ತೋರಿಸಿದೆ. ಡಾಕ್ಟರು ನನ್ನನ್ನು ಗೋಡೆಯಿಂದ ಗೋಡೆಗೆ ನಾಲ್ಕು ಸಲ ನಡೆಸಿ, ಸೊಂಟ ಸರಿಯಾಗಿಯೇ ಇದೆ, ತೂಕ ಮಾತ್ರ ಇಳಿಸಿ ಎಂದರು. ತೂಕದ ಮಾತು ನನಗೆ ಕೇಳಿಸಲಿಲ್ಲ. ಆದರೆ ಅಂದು ಸಂಜೆ ಮನೆಗೆ ನಡೆದು ಬರುವಾಗ ದೋಷ ಯಾರದೆಂದು ಹೊಳೆಯಿತು. ಅದು ನನ್ನ ಸೊಂಟದ್ದಲ್ಲ, ಸೇತುವೆಯದು.

ನಮ್ಮ ಮನೆ ನದಿಯ ಆಚೆ ದಡದಲ್ಲಿ. ಪುಣೆಯ ಒಳಗೆ ಹೋಗುವ ಬಸ್ಸು ಹೊರಡುವುದು ಈಚೆ ದಡದಿಂದ. ನಡುವೆ ಹೆದ್ದಾರಿಯ ಹಳೆಯ ಕಲ್ಲಿನ ಸೇತುವೆ. ವಾಹನಗಳಿಗೆ ಮುಖ ಕೊಟ್ಟು ರಸ್ತೆಯ ಬಲಗಡೆ ನಡೆಯಬೇಕೆಂದು ನಮಗೆ ಮೂರನೆಯ ಇಯತ್ತೆಯಲ್ಲಿ ಕಲಿಸಿದ್ದರು. ನಾನು ಅದನ್ನು ಇಂದಿಗೂ ಪಾಲಿಸುತ್ತೇನೆ. ಹಿಂದಿನಿಂದ ಬರುವ ಲಾರಿಗಿಂತ ಮುಂದಿನಿಂದ ಬರುವ ಲಾರಿ ವಾಸಿ, ಅದರ ನಂಬರಾದರೂ ಕಾಣುತ್ತದೆ. ಸೇತುವೆಯ ಅಂಚು ಮಳೆನೀರು ಹರಿದುಹೋಗಲೆಂದು ಹೊರಕ್ಕೆ ಇಳಿಜಾರಾಗಿತ್ತು. ಹೋಗುವಾಗ ಒಂದು ಅಂಚು, ಬರುವಾಗ ಇನ್ನೊಂದು ಅಂಚು, ಎರಡರಲ್ಲೂ ಬಲಗಾಲು ತಗ್ಗಿನಲ್ಲಿ. ಸಹಕಾರಿ ಸಂಸ್ಥೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿ ಮೂವತ್ತೊಂದು ವರ್ಷ ಹೀಗೆ ವಾಲಿಕೊಂಡೇ ನೌಕರಿಗೆ ಹೋಗಿ ಬಂದೆ. ನಿವೃತ್ತಿಯಾದ ಮೇಲೂ ತರಕಾರಿಗೆ, ಔಷಧಕ್ಕೆ, ಅಕ್ಕನ ಮನೆಗೆ ಅದೇ ದಾರಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಸೇತುವೆಯ ಮೇಲೆ ನನಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಹಳೆಯದನ್ನೆಲ್ಲ ನೆನೆದು ಕಣ್ಣು ಒದ್ದೆ ಮಾಡಿಕೊಳ್ಳಬೇಕಾದ ವಯಸ್ಸು ನನ್ನದು, ಗೊತ್ತು. ದೂರದಿಂದ ಅದರ ಕಮಾನುಗಳು ಚೆಂದ ಕಾಣುತ್ತಿದ್ದವು, ಅದೂ ಗೊತ್ತು. ಆದರೆ ನಾನು ಅದನ್ನು ದೂರದಿಂದ ನೋಡಿದ್ದೇ ಕಡಿಮೆ. ಹತ್ತಿರದಿಂದ ಅದು ಒಂದು ಮೊಣಕಾಲೆತ್ತರದ ಕಟ್ಟೆ, ಕಟ್ಟೆಗೂ ಲಾರಿಯ ಗಾಲಿಗೂ ನಡುವೆ ಒಂದು ಗೇಣು ಜಾಗ, ಆ ಜಾಗದಲ್ಲಿ ಮರಳು, ಗಾಜಿನ ಚೂರು, ಮತ್ತು ನಾನು. ಒಮ್ಮೆ ಒಂದು ಲಾರಿಯ ಕೊಕ್ಕೆ ನನ್ನ ಬಿಚ್ಚಿದ ಛತ್ರಿಯನ್ನು ಕಿತ್ತುಕೊಂಡು ಮುಂಬಯಿ ಕಡೆಗೆ ಹೊರಟುಹೋಯಿತು. ಛತ್ರಿಯ ಹಿಡಿಕೆ ಮಾತ್ರ ಕೈಯಲ್ಲಿ ಉಳಿದಿತ್ತು. ಅದನ್ನು ಎತ್ತಿ ಹಿಡಿದುಕೊಂಡೇ ನಾನು ದಡ ಮುಟ್ಟಿದೆನೆಂದು ಕಂಡವರು ಬಹಳ ದಿನ ನಕ್ಕರು.

ಸ್ಕೂಟರ್ ಯಾಕೆ ಕಲಿಯಲಿಲ್ಲ ಎಂದು ನೀವು ಕೇಳಬಹುದು. ಕಲಿತೆ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಯಜಮಾನರು ಒಂದು ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋಗಿ ಕಲಿಸಿದರು. ಬ್ರೇಕು ಹಿಡಿ ಅಂದರು, ಹಿಡಿದೆ. ಆದರೆ ಕಬ್ಬಿನ ಹಾಲಿನ ಗಾಡಿಯನ್ನು ಮುಟ್ಟಿದ ಮೇಲೆ ಹಿಡಿದೆ. ಆ ಗಾಡಿಯವನು ನಮ್ಮಿಬ್ಬರಿಗೂ ಒಂದೊಂದು ಗ್ಲಾಸು ಹಾಲು ಕುಡಿಸಿ, ಕೈಮುಗಿದು ಕಳಿಸಿದ. ಅಲ್ಲಿಗೆ ಮುಗಿಯಿತು. ಅಂದಿನಿಂದ ನಾನು ನಡೆಯುವವಳು.

ನಡೆಯುವವರಿಗೂ ಒಂದು ಮರ್ಯಾದೆ ಇತ್ತು ಎಂಬುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ನಮ್ಮೂರು ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ. ಆಗ ಅಲ್ಲಿ ಸೇತುವೆ ಇರಲಿಲ್ಲ, ದೋಣಿ ಇತ್ತು. ದೋಣಿ ನಡೆಸುವ ಯಲ್ಲಪ್ಪನದೊಂದು ಕ್ರಮ: ಮೊದಲು ಬರಿಗೈಯಲ್ಲಿ ನಡೆದು ಬಂದವರು, ಆಮೇಲೆ ತಲೆಯ ಮೇಲೆ ಗಂಟು ಹೊತ್ತವರು, ಆಮೇಲೆ ಸೈಕಲ್ಲು, ಕಡೆಗೆ ಆಡು. ಊರಿನ ಸಾವುಕಾರರು ಒಮ್ಮೆ ಹೊಸ ಮೋಟಾರ್‌ಸೈಕಲ್ ತಂದು, ತಮ್ಮದು ಮೊದಲು ಹತ್ತಲಿ ಅಂದರು. ಯಲ್ಲಪ್ಪ ಅದನ್ನು ಒಂದು ಸುತ್ತು ಹಾಕಿ ನೋಡಿ, ಇದು ಆಡಿನಕಿಂತ ಭಾರ ಐತಿ, ಆಡಿನ ಹಿಂದ ಹತ್ತಲಿ ಅಂದ. ಸಾವುಕಾರರು ಆಡುಗಳ ಹಿಂದೆಯೇ ನಿಂತು ನದಿ ದಾಟಿದರು. ನಾನು ದೋಣಿಯ ಮೂತಿಯಲ್ಲಿ ಕೂತು, ಕಾಲು ನೀರಿಗೆ ಬಿಟ್ಟುಕೊಂಡು, ಅವರ ಬಿಳಿ ಧೋತರದ ಮೇಲೆ ಆಡೊಂದು ಏನು ಮಾಡಿತೆಂಬುದನ್ನು ನೋಡಿ ನಕ್ಕಿದ್ದಕ್ಕೆ ಅಪ್ಪನಿಂದ ಏಟು ತಿಂದಿದ್ದೆ. ಏಟಿನ ನೆನಪಿಲ್ಲ, ಧೋತರದ ನೆನಪು ಚೆನ್ನಾಗಿದೆ.

ಪುಣೆಗೆ ಬರೋಣ. ನಾಲ್ಕೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ಸೇತುವೆಯ ದೀಪದ ಕಂಬಕ್ಕೆ ತಂತಿಯಿಂದ ಬಿಗಿದ ಒಂದು ಫಲಕ ಕಂಡೆ. ಸೇತುವೆಗೆ ವಯಸ್ಸಾಗಿದೆ, ಪಕ್ಕದಲ್ಲಿ ಹೊಸದು ಕಟ್ಟಿ ಹಳೆಯದನ್ನು ಕೆಡವಲಾಗುವುದು, ನಾಗರಿಕರೊಂದಿಗೆ ಸಂವಾದವಿದೆ, ಎಲ್ಲರೂ ಬರಬೇಕು ಎಂದು ಮರಾಠಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹಿಂಜವಾಡಿಗೆ ಹೋಗುವ ಕಂಪನಿ ಗಾಡಿಗಳು ಅದರ ಮುಂದೆ ಹಾದುಹೋಗುತ್ತಿದ್ದ ವೇಗಕ್ಕೆ ಅದರ ಬಣ್ಣ ಬಿಟ್ಟರೆ ಬೇರೇನೂ ಯಾರಿಗೂ ಕಾಣುವಂತಿರಲಿಲ್ಲ. ನಿಂತು ಓದಬಲ್ಲವರು ನಡೆಯುವವರು ಮಾತ್ರ. ಅಂದರೆ ಕರೆದದ್ದು ನಮ್ಮನ್ನೇ ಎಂದುಕೊಂಡೆ. ಎಷ್ಟು ತಪ್ಪು ತಿಳಿದಿದ್ದೆನೆಂದು ಆಮೇಲೆ ಗೊತ್ತಾಯಿತು.

ಸಭೆ ನಡೆದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ವೇದಿಕೆಯ ಮೇಲೆ ವಧೂವರರು ಕೂರುವ ಕೆಂಪು ಮಖಮಲ್ಲಿನ ಸೋಫಾ ಬಿಟ್ಟರೆ ಬೇರೆ ಆಸನವಿರಲಿಲ್ಲ. ಹೆದ್ದಾರಿ ಕಚೇರಿಯ ಸಾಹೇಬರು ಅದರಲ್ಲೇ ಕೂತರು. ಅವರ ತಲೆಯ ಹಿಂದೆ ಹಿಂದಿನ ದಿನದ ಮದುವೆಯ ಥರ್ಮಾಕೋಲ್ ಅಕ್ಷರಗಳು ಇನ್ನೂ ಅಂಟಿಕೊಂಡಿದ್ದವು. ಪಕ್ಕದ ಗೋಡೆಗೆ ಹೊಸ ಸೇತುವೆಯ ನಕ್ಷೆಗಳು.

ನಮ್ಮ ಯಜಮಾನರೂ ಬಂದಿದ್ದರು, ಆದರೆ ಬೇರೆ ಗುಂಪಿನಲ್ಲಿ. ಅವರು ರವಿವಾರ ಪೇಠದಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿಯವರು. ಸಂಜೆ ಜತೆಗೂಡುವ ನಾಲ್ಕಾರು ಗೆಳೆಯರ ಜೊತೆ ಸೇರಿ ಹಳೆಯ ಸೇತುವೆ ಉಳಿಸಬೇಕೆಂಬ ಒಂದು ಮಂಡಳಿ ಮಾಡಿಕೊಂಡಿದ್ದರು. ಎದ್ದು ನಿಂತು ಚೊಕ್ಕ ಮರಾಠಿಯಲ್ಲಿ ಕಲ್ಲಿನ ಕೆಲಸದ ಬಗ್ಗೆ, ಕಮಾನಿನ ಬಗ್ಗೆ, ಆ ಕಾಲದ ಸುಣ್ಣದ ಗಾರೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಚಪ್ಪಾಳೆ ಬಿತ್ತು. ಅವರು ಕೂರುವುದಕ್ಕೂ ನಾನು ಏಳುವುದಕ್ಕೂ ಸರಿಹೋಯಿತು. ಕೆಡವಿರಿ, ಆದಷ್ಟು ಬೇಗ ಕೆಡವಿರಿ ಎಂದೆ. ಯಜಮಾನರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಮಂಟಪದಿಂದ ಎದ್ದು ಹೋಗುತ್ತಿರುವವಳನ್ನು ನೋಡುವ ಹಾಗೆ.

ಸಾಹೇಬರಿಗೆ ಖುಷಿಯಾಯಿತು. ಮಾತಾಡಿ ತಾಯಿ ಎಂದರು. ನಾನು ಗೋಡೆಯ ಹತ್ತಿರ ಹೋಗಿ ಒಂದು ನಕ್ಷೆಯ ಮೇಲೆ ಬೆರಳಿಟ್ಟೆ. ಹೊಸ ಸೇತುವೆಯನ್ನು ಅಡ್ಡ ಕೊಯ್ದು ತೋರಿಸಿದ ಚಿತ್ರ ಅದು. ಅದರಲ್ಲಿ ಲಾರಿಗಳಿದ್ದವು, ಬಸ್ಸಿತ್ತು, ಕಾರುಗಳಿದ್ದವು, ಪುಟ್ಟದಾಗಿ ಒಂದು ಮೋಟಾರ್‌ಸೈಕಲ್ಲೂ ಇತ್ತು. ಲಾರಿಯ ಪಕ್ಕಕ್ಕೇ ಕಾಂಕ್ರೀಟಿನ ಗೋಡೆ, ಗೋಡೆಯ ಆಚೆಗೆ ನೀರು. ನಾನು ಎಲ್ಲಿ ನಡೆಯಲಿ ಎಂದು ಕೇಳಿದೆ. ಸಾಹೇಬರು ಬಹಳ ಸಮಾಧಾನದಿಂದ, ಹೆದ್ದಾರಿಯಲ್ಲಿ ಪಾದಚಾರಿಗಳು ಅಪೇಕ್ಷಿತರಲ್ಲ ಎಂದರು. ಅಪೇಕ್ಷೆ ಇರಲಿ ಬಿಡಲಿ, ನಾವು ದಿನಾ ಬರುತ್ತೇವಲ್ಲ ಎಂದೆ. ಅವರು ಪಕ್ಕದಲ್ಲಿದ್ದ ಗುಮಾಸ್ತನ ಕಡೆ ನೋಡಿ 'ನೋಂದ ಘೇತಲೀ' ಎಂದರು. ಗಮನಕ್ಕೆ ತೆಗೆದುಕೊಂಡಿದ್ದೇವೆ ಎಂದರ್ಥ. ಗುಮಾಸ್ತನ ಪೆನ್ನು ಅಲ್ಲಾಡಲಿಲ್ಲ. ಅದು ನನಗೆ ಕಂಡಿತು, ಯಾಕೆಂದರೆ ಅದೇ ಕುರ್ಚಿಯಲ್ಲಿ ನಾನೂ ಕೂತವಳು.

ನಕ್ಷೆ ಮಾಡಿದ್ದ ಕಂಪನಿಯ ಇಂಜಿನಿಯರ್ ಹುಡುಗಿ ಒಬ್ಬಳು ಗೋಡೆಯ ಪಕ್ಕ ನಿಂತಿದ್ದಳು. ಇಷ್ಟು ಹೊತ್ತೂ ಇಂಗ್ಲಿಷ್, ಹಿಂದಿ ಬೆರೆಸಿ ವಿವರಿಸುತ್ತಿದ್ದವಳ ಕೈಯಿಂದ ಕೋಲು ಜಾರಿ ಕಾಲ ಮೇಲೆ ಬಿದ್ದಾಗ, ಮೆಲ್ಲಗೆ 'ಅಯ್ಯೋ ರಾಮ' ಅಂದಳು. ಚಹಾದ ಹೊತ್ತಿಗೆ ನಾನು ಅವಳನ್ನು ಮೂಲೆಗೆ ಕರೆದೆ. ಹೆಸರು ಸ್ಫೂರ್ತಿ, ಹಾಸನದವಳು, ಪುಣೆಗೆ ಬಂದು ಎರಡು ವರ್ಷ. ನನ್ನ ಕನ್ನಡ ಅವಳಿಗೆ ಅರ್ಧ ತಿಳಿಯಲಿಲ್ಲ. ಅವಳದು ನನಗೆ ಟಿವಿಯ ವಾರ್ತೆ ಕೇಳಿದಂತಾಯಿತು.

"ಟ್ರಾಫಿಕ್ ಸರ್ವೇನಲ್ಲಿ ನಡ್ಕೊಂಡು ಹೋಗೋರದ್ದು ಅಂತ ಒಂದು ಕಾಲಂ ಇರತ್ತೆ ಆಂಟಿ. ಇಲ್ಲಿದು ಖಾಲಿ ಬಂದಿತ್ತು. ಅದಕ್ಕೇ ಯಾರೂ ನಡೆಯಲ್ಲ ಅಂತ ತಗೊಂಡ್ವಿ."

"ಖಾಲಿ ಅಂದ್ರ ಯಾರೂ ನಡಿಯೂದಿಲ್ಲ ಅಂತಲ್ಲ, ತಂಗಿ. ಯಾರೂ ಎಣಿಸಿಲ್ಲ ಅಂತ."

ಅವಳು ಚಹಾದ ಲೋಟ ಕೆಳಗಿಟ್ಟಳು. ತನ್ನ ಫೋನ್ ನಂಬರು ಮಾತ್ರ ಬರೆದುಕೊಟ್ಟಳು.

ಹದಿನೈದು ದಿನದ ಮೇಲೆ ಸಭೆಯ ನಡಾವಳಿಯನ್ನು ವಾರ್ಡ್ ಕಚೇರಿಯ ಫಲಕಕ್ಕೆ ಅಂಟಿಸಿದ್ದರು. ಮರಾಠಿಯಲ್ಲಿ ಸಭೆಯ ನಡಾವಳಿಗೆ ಇತಿವೃತ್ತ ಎನ್ನುತ್ತಾರೆ. ಕನ್ನಡದಲ್ಲಿ ಆ ಮಾತಿಗೆ ಕತೆ ಎಂಬ ಅರ್ಥವೂ ಉಂಟು. ಮೂವತ್ತೊಂದು ವರ್ಷ ಅದನ್ನೇ ಬರೆದವಳಾಗಿ ಹೇಳುತ್ತೇನೆ, ಕನ್ನಡದ ಅರ್ಥವೇ ಹೆಚ್ಚು ಸರಿ. ಫಲಕದ ಮೇಲಿದ್ದದ್ದು ಇಷ್ಟು: ಉಪಸ್ಥಿತ ನಾಗರಿಕರು ಯೋಜನೆಯನ್ನು ಸ್ವಾಗತಿಸಿದರು, ಕೆಲವರು ಸಲಹೆಗಳನ್ನು ನೀಡಿದರು, ಸಮಾಧಾನಕರ ಚರ್ಚೆಯ ನಂತರ ಸಭೆ ಮುಕ್ತಾಯವಾಯಿತು. ಕೆಳಗೆ ಹಾಜರಿ ಪಟ್ಟಿ, ಅದರಲ್ಲಿ ನನ್ನದೇ ದುಂಡು ಅಕ್ಷರದ ಸಹಿ. ಕೆಡವಿರಿ ಎಂದದ್ದು ಸ್ವಾಗತವಾಗಿತ್ತು, ಎಲ್ಲಿ ನಡೆಯಲಿ ಎಂದದ್ದು ಸಲಹೆಯಾಗಿತ್ತು.

ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು, ಯಾಕೆ ಎಂದು ಹೇಳಲೇಬೇಕು. ನಮ್ಮ ಕಚೇರಿಯಲ್ಲಿ ಹೌಸಾಬಾಯಿ ಎಂಬ ಕಸಗುಡಿಸುವ ಹೆಂಗಸಿದ್ದಳು. ಒಂದು ವರ್ಷ ಸರ್ವಸಾಧಾರಣ ಸಭೆಯಲ್ಲಿ, ಯಾರೂ ಕರೆಯದೆ, ಪೊರಕೆ ಗೋಡೆಗೆ ಒರಗಿಸಿ ಒಳಗೆ ಬಂದು, ಹೆಂಗಸರಿಗೆ ಈ ಕಟ್ಟಡದಲ್ಲಿ ಬಾಗಿಲಿಗೆ ಅಗಳಿಯಿರುವ ಒಂದು ಪಾಯಖಾನೆಯೂ ಇಲ್ಲ ಎಂದಳು. ಅಧ್ಯಕ್ಷರು ಕೆಮ್ಮಿದರು. ನಾನು ಆಗ ಹೊಸಬಳು, ಮರಾಠಿ ಬರವಣಿಗೆ ಚೆನ್ನಾಗಿದೆಯೆಂದು ಹೊಗಳಿಸಿಕೊಂಡು ಬೀಗುತ್ತಿದ್ದೆ. 'ಇತರ ವಿಷಯಗಳನ್ನು ಚರ್ಚಿಸಲಾಯಿತು' ಎಂದು ಒಂದೇ ಸಾಲು ಚೆಂದವಾಗಿ ಬರೆದೆ. ಆ ಅಗಳಿ ಬರಲು ಏಳು ವರ್ಷ ಬೇಕಾಯಿತು. ಆ ಏಳು ವರ್ಷ ಆ ಬಾಗಿಲನ್ನು ಒಳಗಿನಿಂದ ಒಂದು ಕೈಯಲ್ಲಿ ಹಿಡಿದುಕೊಂಡವರಲ್ಲಿ ನಾನೂ ಒಬ್ಬಳು. ಒಂದು ಸಾಲಿನಲ್ಲಿ ಒಬ್ಬ ಹೆಂಗಸನ್ನು ಹೇಗೆ ಅಳಿಸಬಹುದೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಸ್ಫೂರ್ತಿಗೆ ಫೋನ್ ಮಾಡಿದೆ. ಬೈಯಬೇಕೆಂದಿದ್ದೆ. ಬೈಯುವ ಬದಲು, ನಾಳೆ ಮುಂಜಾನೆ ಒಂಬತ್ತೂವರೆಗೆ ಸೇತುವೆಗೆ ಬಾ, ನನ್ನ ಜೋಡಿ ಒಂದು ಸಲ ನಡಿ ಎಂದೆ.

ಅವಳು ಬಂದಳು. ಹೊಳೆಯುವ ಹಳದಿ ಜಾಕೀಟು, ತಲೆಗೆ ಹೆಲ್ಮೆಟ್ಟು, ಹಿಂದೆ ಕಂಪನಿಯ ಕಾರು. ಕಾರನ್ನು ಆಚೆ ದಡಕ್ಕೆ ಕಳಿಸಿದೆ. ಜಾಕೀಟು, ಹೆಲ್ಮೆಟ್ಟು ಬಿಚ್ಚಿಸಿದೆ. ನಮಗ್ಯಾರಿಗೂ ಅವು ಇಲ್ಲವಲ್ಲ. ಹೊರಟೆವು. ನಾನು ಮುಂದೆ, ಅವಳು ಹಿಂದೆ. ಸೇತುವೆಯ ಮೇಲೆ ಮಾತಾಡಲಾಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು, ಕಣ್ಣು ಬರುವ ಗಾಡಿಯ ಮೇಲೆ, ಸೆರಗು ಕೈಯಲ್ಲಿ ಸುತ್ತಿ ಹಿಡಿದು. ಎದುರಿನಿಂದ ಮಂಗಲ ಬಂದಳು. ಮಂಗಲ ಬಾರಾಮತಿ ಕಡೆಯವಳು, ಈಚೆ ದಡದ ನಾಲ್ಕು ಫ್ಲ್ಯಾಟುಗಳಲ್ಲಿ ಅಡುಗೆ ಮಾಡುತ್ತಾಳೆ, ನನ್ನಷ್ಟೇ ವರ್ಷದಿಂದ ಈ ಸೇತುವೆ ನಡೆಯುತ್ತಿದ್ದಾಳೆ. ನಮ್ಮನ್ನು ದಾಟಲು ಅವಳು ಕಟ್ಟೆಯ ಮೇಲೆ ಒಂದು ಕಾಲಿಟ್ಟು, ನದಿಯ ಕಡೆಗೆ ಮೈಚಾಚಿ, ನಮಗೆ ದಾರಿ ಬಿಟ್ಟಳು. ಅದು ನಮಗೆ ಎಷ್ಟು ರೂಢಿಯೆಂದರೆ ನಾನು ತಿರುಗಿಯೂ ನೋಡಲಿಲ್ಲ. ಸ್ಫೂರ್ತಿ ನಿಂತು ನೋಡಿದಳು. ಅಷ್ಟರಲ್ಲಿ ಒಂದು ಕಂಟೇನರ್ ಲಾರಿ ಬಂತು. ಅದು ದೊಡ್ಡದೇನಲ್ಲ, ದಿನಾ ಬರುವಂಥದ್ದೇ. ಅದು ಹಾದುಹೋಗುವಾಗ ಸೇತುವೆ ನಡುಗುತ್ತದೆ, ಮೊದಲು ಅಂಗಾಲಿಗೆ, ಆಮೇಲೆ ಹಲ್ಲಿಗೆ ಗೊತ್ತಾಗುತ್ತದೆ. ಹಿಂದಿನಿಂದ ಒಂದು ತಣ್ಣನೆ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ಆಚೆ ದಡ ಮುಟ್ಟುವ ತನಕ ಅದು ಬಿಡಲಿಲ್ಲ.

ದಡದಲ್ಲಿ ಅವಳು ಮೈಲಿಗಲ್ಲಿನ ಮೇಲೆ ಕೂತಳು. ನೀರು ಕೊಟ್ಟೆ.

"ಈ ಬ್ರಿಡ್ಜನ್ನ ಎಷ್ಟೋ ಸಲ ನೋಡಿದೀನಿ ಆಂಟಿ," ಅಂದಳು. "ಎಲ್ಲಾ ಸಲನೂ ಕಾರಲ್ಲಿ."

"ಈಗ ಏನ್ ಮಾಡ್ತಿ?"

"ಡ್ರಾಯಿಂಗ್ ನಾನಾಗೇ ಬದಲಾಯಿಸೋಕೆ ಆಗಲ್ಲ. ಆದ್ರೆ ನಡಾವಳಿಯಲ್ಲಿ ಆಕ್ಷೇಪಣೆ ಅಂತ ಬರೆದಿದ್ರೆ ಅದಕ್ಕೆ ಉತ್ತರ ಕೊಡಲೇಬೇಕು. ಆಗ ಫೈಲು ನನ್ನ ಟೇಬಲ್ಲಿಗೆ ವಾಪಸ್ ಬರತ್ತೆ. ಸಲಹೆ ಅಂತಿದ್ರೆ ಬರಲ್ಲ."

ಒಂದು ಶಬ್ದದ ವ್ಯತ್ಯಾಸ. ನನಗೆ ನಗು ಬಂತು. ಓಡಲು ಬಾರದ, ಸ್ಕೂಟರ್ ಬಾರದ, ಮೆರವಣಿಗೆಯಲ್ಲಿ ಕೂಗಲು ನಾಚುವ ನನಗೆ ಈ ಲೋಕದಲ್ಲಿ ಚೆನ್ನಾಗಿ ಬರುವ ಕೆಲಸ ಅದೊಂದೇ ಇತ್ತು.

ನಕ್ಷೆ ಅಂತಿಮವಾಗುವ ಮೊದಲು ಕರೆದ ಎರಡನೆಯ ಸಭೆ ಅದೇ ಮಂಗಲ ಕಾರ್ಯಾಲಯದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಈ ಸಲ ನಾನು ಮಂಗಲಳಿಗೆ ಹೇಳಿದ್ದೆ, ಮಂಗಲ ಸೇತುವೆಯ ತುದಿಯಲ್ಲಿ ನಿಂತು ನಡೆದು ಬಂದವರಿಗೆಲ್ಲ ಹೇಳಿದ್ದಳು. ಅಡುಗೆಯವರು, ವಾಚ್‌ಮನ್‌ಗಳು, ಔಷಧದಂಗಡಿಯ ಹುಡುಗಿಯರು, ಕೋಲೂರಿಕೊಂಡು ದೇವಸ್ಥಾನಕ್ಕೆ ಹೋಗುವ ಇಬ್ಬರು ಅಜ್ಜಂದಿರು, ಎಲ್ಲರೂ ಬಂದು ಹಿಂದಿನ ಕುರ್ಚಿಗಳಲ್ಲಿ ಕೂತರು. ಹಾಜರಿ ಪಟ್ಟಿ ಬಂದಾಗ ನಾನು ಸಹಿ ಮಾಡಲಿಲ್ಲ. ನನ್ನನ್ನು ನೋಡಿ ಅವರೂ ಮಾಡಲಿಲ್ಲ. ಪಟ್ಟಿ ಖಾಲಿಯಾಗಿ ವೇದಿಕೆಗೆ ವಾಪಸ್ಸು ಹೋಯಿತು.

ಸಾಹೇಬರು ಏನಾಯಿತೆಂದು ಕೇಳಿದರು. ನಡಾವಳಿಯನ್ನು ಈಗ, ಇಲ್ಲೇ, ನಮ್ಮೆದುರು ಬರೆಯಿರಿ, ಓದಿ ಹೇಳಿ, ಆಮೇಲೆ ಸಹಿ ಎಂದೆ. ಹಾಗೆ ಪದ್ಧತಿಯಿಲ್ಲ ಎಂದರು. ಪದ್ಧತಿ ನನಗೂ ಗೊತ್ತು ಸಾಹೇಬರೇ, ಅದಕ್ಕೇ ಕೇಳುತ್ತಿದ್ದೇನೆ ಎಂದೆ. ಅವರು ಮತ್ತೆ 'ನೋಂದ ಘೇತಲೀ' ಎಂದರು. ಎಲ್ಲಿ ತೆಗೆದುಕೊಂಡಿರಿ, ತೋರಿಸಿ ಎಂದೆ. ನಿಂತು ನಿಂತು ನನ್ನ ಬಲಗಾಲು ನೋಯುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಅದಕ್ಕೇ ಅಲ್ಲೇ ನೆಲಕ್ಕೆ ಕೂತುಕೊಂಡೆ. ಅದನ್ನು ನೋಡಿದವರು ನಾನು ಧರಣಿ ಕೂತೆನೆಂದು ತಿಳಿದರು. ಹಿಂದಿನ ಸಾಲಿನವರು ಎದ್ದು ಬಂದು ನನ್ನ ಸುತ್ತ ನೆಲದ ಮೇಲೆ ಕೂತರು. ಆಮೇಲೆ ನನಗೆ ಏಳಲು ಮನಸ್ಸಾಗಲಿಲ್ಲ.

ಅಂದು ಮಧ್ಯಾಹ್ನ ಅಲ್ಲಿ ಒಂದು ಸಾಖರಪುಡಾ ಇತ್ತು, ಎಂದರೆ ನಿಶ್ಚಿತಾರ್ಥ. ಒಂದು ಗಂಟೆಗೆ ಹೂವಿನವರು ಬಂದರು. ಎರಡಕ್ಕೆ ಅಡುಗೆಯವರು ಹಂಡೆ ಇಳಿಸಿದರು. ಕಾರ್ಯಾಲಯದ ಮ್ಯಾನೇಜರು ಒಮ್ಮೆ ಸಾಹೇಬರ ಬಳಿಗೆ, ಒಮ್ಮೆ ನಮ್ಮ ಬಳಿಗೆ ಓಡಾಡಿದರು. ಸಾಹೇಬರು ಮೆತ್ತಗೆ, ಇದು ಒಬ್ಬ ಹೆಂಗಸಿನ ಹಟಕ್ಕೆ ನಡೆಯುತ್ತಿರುವುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಗ ಸೇತುವೆ ಉಳಿಸುವವರ ಸಾಲಿನಿಂದ ಯಾರೋ ಎದ್ದ ಸದ್ದಾಯಿತು. ನಮ್ಮ ಯಜಮಾನರು. ಒಬ್ಬಳಲ್ಲ, ಇಬ್ಬರು ಎಂದು ಬರೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿ, ಮಂಡಿ ಹಿಡಿದುಕೊಂಡು, ಕಷ್ಟಪಟ್ಟು, ನನ್ನ ಪಕ್ಕ ನೆಲಕ್ಕೆ ಕೂತರು.

ನಾನು ಅವರ ಕಡೆ ನೋಡಿದೆ. "ನೀವ್ಯಾಕ್ರೀ? ನೀವು ಒಂದ್ ದಿನಾ ಸತೇಕ ನಡದಿಲ್ಲ."

"ನಡದಿಲ್ಲ," ಅಂದರು. "ಆದ್ರ ಇಷ್ಟ್ ವರ್ಷ ದಿನಾ ಸಂಜಿ ಏಳಕ್ಕ ಅಂಗಡೀಯಿಂದ ಮನೀಗೆ ಫೋನ್ ಮಾಡಿ ಹಾಲ್ ಅದಾವೇನು ಅಂತ ಕೇಳ್ತಿದ್ನಲ್ಲಾ, ಅದು ಹಾಲಿಗಲ್ಲ."

ಮೂವತ್ತು ವರ್ಷ ನಾನು ಆ ಫೋನಿಗೆ ರೇಗಿದ್ದೆ. ಗಂಡಸರಿಗೆ ಮನೆಯಲ್ಲಿ ಹಾಲು ಇದೆಯೋ ಇಲ್ಲವೋ ಎಂಬುದೇ ದೊಡ್ಡ ಚಿಂತೆ ಎಂದು ಅಕ್ಕನ ಮುಂದೆ ಎಷ್ಟು ಸಲ ಆಡಿಕೊಂಡಿದ್ದೇನೋ. ಏನಾದರೂ ಹೇಳಬೇಕೆನಿಸಿತು. ಆದರೆ ಅದು ಸಾರ್ವಜನಿಕ ಸಭೆ, ಮತ್ತು ಸಾಹೇಬರು ಆಗಲೇ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳುತ್ತಿದ್ದರು.

ಗುಮಾಸ್ತ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕಾಗದ ತೆಗೆದು ನನ್ನ ಮುಂದೆ ಬಂದು ಕೂತರು. ಕೆಲವು ನಾಗರಿಕರು ಪಾದಚಾರಿ ಮಾರ್ಗದ ಬಗ್ಗೆ ಸೂಚಿಸಿದರು ಎಂದು ಬರೆದು ಓದಿದರು. ಸೂಚಿಸಿದರು ಅಲ್ಲ, ಆಕ್ಷೇಪಿಸಿದರು ಎಂದೆ. ತಿದ್ದಿದರು. ಕೆಲವು ಅಲ್ಲ, ಹೆಸರು ಬರೆಯಿರಿ ಎಂದೆ. ಅವರು ತಲೆಯೆತ್ತಿ ಸಾಹೇಬರನ್ನು ನೋಡಿದರು, ಸಾಹೇಬರು ಬಾಗಿಲಲ್ಲಿ ನಿಂತಿದ್ದ ಹೂವಿನವರನ್ನು ನೋಡಿ ಕೈಯಾಡಿಸಿದರು. ಹೆಸರು ಬರೆಯುವುದು ಶುರುವಾಯಿತು. ಮಂಗಲ ತನ್ನ ಹೆಸರು, ಗಂಡನ ಹೆಸರು, ಮನೆತನ, ಮೂರನ್ನೂ ಹೇಳಿದಳು. ಬರೆದದ್ದನ್ನು ಓದಿ ಹೇಳಿಸಿಕೊಂಡಳು. ಅಜ್ಜಂದಿರು ಹೆಬ್ಬೆಟ್ಟು ಒತ್ತುತ್ತೇವೆ ಎಂದರು. ಕಡೆಗೆ ಗುಮಾಸ್ತರು ಕಾಗದ ಮಡಿಸುವಾಗ, ನನಗೆ ಮಾತ್ರ ಕೇಳುವಂತೆ, ತಮ್ಮ ಇಡೀ ನೌಕರಿಯಲ್ಲಿ ಸಭೆಯಲ್ಲಿ ನಿಜವಾಗಿ ನಡೆದದ್ದನ್ನು ಬರೆದದ್ದು ಇದೇ ಮೊದಲು ಎಂದರು. ನನಗೂ ಅಷ್ಟೇ ಎಂದೆ. ನಿಶ್ಚಿತಾರ್ಥ ಸ್ವಲ್ಪವೇ ತಡವಾಯಿತು. ಹುಡುಗಿಯ ಅಮ್ಮ ನಮಗೆಲ್ಲ ಪೇಡೆ ಕೊಟ್ಟರು, ನಾವು ಯಾವ ಕಡೆಯ ನೆಂಟರೆಂದು ಅವರಿಗೆ ಸ್ಪಷ್ಟವಾಗಿರಲಿಲ್ಲ.

ಫೈಲು ಸ್ಫೂರ್ತಿಯ ಟೇಬಲ್ಲಿಗೆ ಹೋಯಿತು. ಅವಳು ಎರಡೂ ಬದಿಗೆ ಕಾಲುದಾರಿ ಬರೆದು ಕಳಿಸಿದಳು. ಮೇಲಿನಿಂದ ಒಂದೇ ಬದಿಗೆ ಒಪ್ಪಿಗೆ ಬಂತು, ಒಂದೂವರೆ ಮೀಟರು ಅಗಲ, ಲಾರಿಗಳಿಂದ ಬೇರೆ ಮಾಡಿದ ಕಾಂಕ್ರೀಟಿನ ತಡೆ, ನದಿಯ ಕಡೆಗೆ ಎದೆಯೆತ್ತರದ ಕಂಬಿ. ಸಾಹೇಬರು ನನಗೆ ಕಳಿಸಿದ ಪತ್ರದ ಕೊನೆಗೆ, ಇದರಿಂದ ತಮಗೆ ಸಮಾಧಾನವಾಗಿದೆಯೆಂದು ಭಾವಿಸುತ್ತೇವೆ ಎಂದು ಬರೆದಿದ್ದರು. ಆಗಿಲ್ಲ ಎಂದು ಉತ್ತರ ಬರೆದೆ. ಇನ್ನೊಂದು ಬದಿಗಾಗಿ ಬರೆದ ಪತ್ರಗಳ ನಕಲು ನನ್ನ ಟ್ರಂಕಿನಲ್ಲಿವೆ, ಮೊನ್ನೆಯೂ ಒಂದು ಸೇರಿತು. ಸ್ಫೂರ್ತಿ ಈಗ ಬೇರೆ ಊರಿನ ಸೇತುವೆಗಳ ಕೆಲಸದಲ್ಲಿದ್ದಾಳೆ. ಯಾವ ಸೇತುವೆಯಾದರೂ ಮೊದಲು ನಡೆದು ದಾಟುತ್ತೇನೆ ಆಂಟಿ ಎಂದು ಫೋನಿನಲ್ಲಿ ಹೇಳುತ್ತಾಳೆ. ನಡೆಯುವಾಗ ಚಪ್ಪಲಿ ಗಟ್ಟಿಯದು ಹಾಕಿಕೋ ಎನ್ನುತ್ತೇನೆ.

ಮೂರು ಮಳೆಗಾಲ ಕಳೆದ ಮೇಲೆ, ಈ ವರ್ಷ, ಹೊಸ ಸೇತುವೆ ತೆರೆಯಿತು. ಉದ್ಘಾಟನೆಯ ದಿನ ನಮ್ಮನ್ನು ಯಾರೂ ಕರೆಯಲಿಲ್ಲ, ನಾವೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಂಗಲ ನಮ್ಮ ಮನೆಯ ಕೆಳಗೆ ಬಂದು ನಿಂತು ನನ್ನನ್ನು ಕೂಗಿದಳು. ಇಬ್ಬರೂ ಹೊರಟೆವು.

ಕಾಲುದಾರಿಗೆ ಕಾಲಿಟ್ಟು ನಾಲ್ಕು ಹೆಜ್ಜೆ ಹೋದ ಮೇಲೆ ನನಗೊಂದು ವಿಷಯ ಗಮನಕ್ಕೆ ಬಂತು. ಮಂಗಲ ನನ್ನ ಹಿಂದೆ ಇರಲಿಲ್ಲ, ಪಕ್ಕದಲ್ಲಿದ್ದಳು. ಇಷ್ಟು ವರ್ಷದ ಪರಿಚಯದಲ್ಲಿ ನಾವು ನದಿಯ ಮೇಲೆ ಒಂದು ಮಾತೂ ಆಡಿರಲಿಲ್ಲ. ಈಗ ಅವಳು ಸೊಸೆಯ ಕತೆ ಶುರುಮಾಡಿದಳು. ಸೊಸೆ ಮಿಕ್ಸರ್ ಕೆಡಿಸಿದ್ದು, ಕೆಡಿಸಿಲ್ಲವೆಂದು ವಾದಿಸಿದ್ದು, ಮಗ ಹೆಂಡತಿಯ ಪರ ಮಾತಾಡಿದ್ದು. ಕಂಬಿಯ ಆಚೆ ನೀರು ಕಾಣುತ್ತಿತ್ತು. ಅದನ್ನು ನಾನು ಸಾವಕಾಶವಾಗಿ ನೋಡಿದ್ದು ಅದೇ ಮೊದಲು.

ಅರ್ಧ ಸೇತುವೆ ದಾಟಿರಬಹುದು. ಎದುರಿನಿಂದ ಒಬ್ಬ ಮೋಟಾರ್‌ಸೈಕಲ್ಲಿನವನು ಬಂದ. ತಡೆಯ ಆಚೆ ರಸ್ತೆಯಲ್ಲಿ ಗಾಡಿಗಳು ಕಟ್ಟಿಕೊಂಡಿದ್ದವು, ಅವನು ನಮ್ಮ ದಾರಿಗೆ ಹತ್ತಿಸಿಬಿಟ್ಟಿದ್ದ. ಹತ್ತಿರ ಬಂದು ಹಾರ್ನ್ ಹೊಡೆದ. ಹಳೆಯ ಅಭ್ಯಾಸಕ್ಕೆ ನನ್ನ ಬಲಗಾಲು ತಾನಾಗಿಯೇ ಅಂಚಿನ ಕಡೆ ಸರಿಯಿತು. ಅದನ್ನು ನಾನು ಹಿಂದಕ್ಕೆ ತಂದೆ. ಇನ್ನೊಮ್ಮೆ ಹಾರ್ನ್ ಹೊಡೆದ. ಆಜೀ, ಸ್ವಲ್ಪ ಜಾಗ ಬಿಡಿ, ಆಫೀಸಿಗೆ ತಡವಾಗುತ್ತಿದೆ ಎಂದ. ಒಂದೂವರೆ ಮೀಟರಿನಲ್ಲಿ ಇಬ್ಬರು ಹೆಂಗಸರು ಅಕ್ಕ ಪಕ್ಕ ನಿಂತರೆ ಎಷ್ಟು ಜಾಗ ಉಳಿಯುತ್ತದೆ ನೀವೇ ಹೇಳಿ. ನಾನು ತೂಕ ಇಳಿಸದಿದ್ದದ್ದು ಎಷ್ಟು ಒಳ್ಳೆಯದಾಯಿತೆಂದು ಅಂದು ತಿಳಿಯಿತು. ನಾವು ನಿಂತೆವು. ಮಂಗಲ ಕತೆಯನ್ನು ನಿಲ್ಲಿಸಲಿಲ್ಲ, ಅವನ ಮುಖ ನೋಡುತ್ತಲೇ ಮಿಕ್ಸರಿನ ಬಗ್ಗೆ ನನಗೆ ಹೇಳುತ್ತಿದ್ದಳು. ಅವನು ತಿರುಗಿಸಲು ನೋಡಿದ, ತಿರುಗಲಿಲ್ಲ. ಹಿಂದೆ ನೋಡಿದ, ಮುಂದೆ ನೋಡಿದ. ಕಡೆಗೆ ಇಂಜಿನ್ ಆರಿಸಿ ಕೆಳಗಿಳಿದು, ಗಾಡಿಯನ್ನು ಹಿಮ್ಮುಖವಾಗಿ ತಳ್ಳತೊಡಗಿದ.

ಅರ್ಧ ಸೇತುವೆಯಷ್ಟು ದೂರ ಅವನು ತಳ್ಳಿದ. ಅವನ ಮುಂದೆ ನಾವಿಬ್ಬರು, ನಮ್ಮ ನಡಿಗೆಯಲ್ಲೇ, ಸೊಸೆಯ ಕತೆ ಮುಗಿಯುವಷ್ಟು ನಿಧಾನವಾಗಿ ನಡೆದೆವು.